ಗುಬ್ಬಿಗಳಿಗೆ ಮೂರು ದಿನದ ದಾಸೋಹ

ಶ್ರಾವಣ ಬಂತೆಂದರೆ ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಪುರಾಣ ಹಚ್ಚುತ್ತಾರೆ. ನಮ್ಮೂರಲ್ಲಿ ಹಣಮಂತ ದೇವರ ಗುಡಿಯ ಕಟ್ಟೆಯೇ ವೇದಿಕೆ. ರಾತ್ರಿ ಉಂಡು, ಚಾಪೆ ಚಾದರ ಹಿಡಿದು ಹೋದರೆ ಮೈಕಿನವನು ಇನ್ನೂ 'ಹಲೋ, ಹಲೋ' ಅನ್ನುತ್ತಿರುತ್ತಾನೆ. ಪುರಾಣಿಕರು ಒಂದು ಪದ್ಯ ಓದುತ್ತಾರೆ, ಗವಾಯಿಗಳು ಪೇಟಿ ಹಿಡಿದು ಅದನ್ನೇ ರಾಗದಲ್ಲಿ ಎಳೆಯುತ್ತಾರೆ, ಆಮೇಲೆ ಅರ್ಥ ಬಿಡಿಸುವುದು. ಇಡೀ ತಿಂಗಳು ಹೀಗೇ.

ಈ ಸಲ ಶರಣಬಸವೇಶ್ವರರ ಪುರಾಣ. 1746ರಲ್ಲಿ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ, 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದವರು. ಈ ಇಸವಿಗಳು ನನಗೆ. ಅವ್ವನಿಗೆ ಅವರು ಹುಟ್ಟಿದ್ದು ಪುರಾಣದ ತೊಟ್ಟಿಲ ದಿನವೇ.

ಆ ರಾತ್ರಿ ಕಟ್ಟೆಯ ಮೇಲೆ ಜರಿ ಸೀರೆ ಸುತ್ತಿದ ಕಟ್ಟಿಗೆಯ ತೊಟ್ಟಿಲು. ಓಣಿಯ ಹೆಂಗಸರು ಕುಬಸದ ಕಣ, ಹಾಲು, ಗುಗ್ಗರಿ ತಂದಿದ್ದರು. ಒಬ್ಬ ಮುದುಕಿ ಕೈಯಾರೆ ಹೊಲಿದ ಕುಲಾಯಿ ತಂದಿದ್ದಳು, ಹುಟ್ಟಿ ಇನ್ನೂರೈವತ್ತು ವರ್ಷ ಮೀರಿದ ಕೂಸಿಗೆ! ಅವ್ವನೇ ಸೋದರತ್ತೆ. ಅವಳು ಬಗ್ಗಿ ಕಿವಿಯಲ್ಲಿ ಹೆಸರು ಊದಿದ್ದೇ ತಡ, ವಾಡಿಕೆಯಂತೆ ಬೆನ್ನ ಮೇಲೆ ಧಪಧಪ ಗುದ್ದು ಬಿದ್ದವು. ಹಿಂದೆ ಕೂತು ನಾನು ನಗುತ್ತಿದ್ದೆ.

ಅಷ್ಟರಲ್ಲಿ ಗವಾಯಿಗಳು ಜೋಗುಳ ಎತ್ತಿಕೊಂಡರು. ಅವರಿಗೆ ಕಣ್ಣು ಕಾಣದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಪಂಚಾಕ್ಷರಿ ಗವಾಯಿಗಳ ಪರಂಪರೆ. ಮೊದಲ ಸಾಲು ಹಾಡಿ ತುಸು ನಿಂತರು. ತೊಟ್ಟಿಲ ಹಗ್ಗ ಕಿರ್ ಕಿರ್ ಅನ್ನುತ್ತಿತ್ತು. ಆ ಸದ್ದನ್ನೇ ಕಿವಿಗೊಟ್ಟು ಕೇಳಿ, ತಬಲಾದವನಿಗೆ ಬೆರಳಲ್ಲಿ ಲಯ ತೋರಿಸಿ, ಹಗ್ಗ ಹಿಂದೆ ಮುಂದೆ ಆಡಿದಂತೆಯೇ ಎರಡನೆಯ ಸಾಲು ತೂಗಿದರು. ನನ್ನ ನಗು ಅಲ್ಲಿಗೆ ನಿಂತಿತು. ತೊಟ್ಟಿಲಲ್ಲಿ ಇದ್ದದ್ದು ಬರೀ ತೆಂಗಿನಕಾಯಿ ಎಂದು ಗೊತ್ತಿದ್ದೂ ಕತ್ತು ಚಾಚಿ ನೋಡಿದೆ.

ನಾಲ್ಕೈದು ದಿನ ಬಿಟ್ಟು ಹೊಲದ ಪ್ರಸಂಗ ಬಂತು. ಜೋಳ ತಿನ್ನಲು ಬಂದ ಹಕ್ಕಿಗಳನ್ನು ಶರಣರು ಓಡಿಸಲಿಲ್ಲ, ಅವಕ್ಕೆ ಕುಡಿಯಲು ನೀರನ್ನೂ ಇಟ್ಟರು ಎಂಬ ಕಥೆ. ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಗವಾಯಿಗಳು 'ತಿನ್ನಲಿ' ಎಂಬ ಒಂದೇ ಮಾತನ್ನು ಮೂರು ಬಗೆಯಲ್ಲಿ ಹಾಡಿದಾಗ ಹೆಂಗಸರ ಸಾಲು ಗಪ್ಪಾಯಿತು.

ಮರುದಿನ ಮಳೆ ಬಿಟ್ಟಿತ್ತು. ಅವ್ವ ಮಾಳಿಗೆ ಮೇಲೆ ಜೋಳ ಹರವಿದಳು. ಗುಬ್ಬಿಗಳು ಇಳಿದವು. ಕೋಲು ಮಗ್ಗುಲಲ್ಲೇ ಇತ್ತು, ಮುಟ್ಟಲಿಲ್ಲ. ಒಂದು ಪರಾತದಲ್ಲಿ ನೀರನ್ನೂ ಇಟ್ಟಳು. ಕಾಕಾ ಕೆಳಗಿನಿಂದಲೇ ಕೂಗಿದರು, "ವೈನಿ, ಗಿರಣಿಗಿ ಏನ್ ಒಯ್ಯೂದು, ನುಚ್ಚೇನು?" ಅವಳು ಹಾಂ ಹೂಂ ಅನ್ನಲಿಲ್ಲ.

ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಪಕ್ಕದ ಮನೆಯ ಕೋಳಿಗಳೂ ಏರಿ ಬಂದವು. ಕೋಲು ಎದ್ದಿತು, ಗುಬ್ಬಿಗಳೂ ಹಾರಿದವು.

"ಯಾಕವ್ವಾ, ಪುರಾಣ ಮುಗೀತೇನು?" ಅಂದೆ.

"ಶಾಸ್ತ್ರಿಗಳು ಹಕ್ಕಿಗಿ ಹೇಳ್ಯಾರ, ಕೋಳಿಗಲ್ಲ," ಅಂದಳು.

ಮೂರೇ ದಿನವೇ ಎಂದು ನಗು ಬಂತು. ಆದರೆ ನಾನೂ ಕಪಾಟು ತುಂಬ ಓದಿದವನು. ಅದರಲ್ಲಿ ಯಾವ ಕವಿತೆ ನನ್ನ ಕೈಯಿಂದ ಮೂರು ದಿನ ಏನನ್ನು ಬಿಡಿಸಿದೆ? ನೆನಪು ಮಾಡಿಕೊಂಡೆ, ಹೊಳೆಯಲಿಲ್ಲ.

ಪುರಾಣ ಮಂಗಲವಾದ ಮೇಲೆ ಸೋಮವಾರ ಕಲಬುರಗಿಗೆ, ಅಪ್ಪನ ಗುಡಿಗೆ, ಅಂದರೆ ಶರಣಬಸವೇಶ್ವರರ ಗುಡಿಗೆ ಹೋದೆವು. ಪಾಳಿ ಉದ್ದವಿತ್ತು. ಗದ್ದುಗೆಯ ಮುಂದೆ ಕಾಯಿ ಕೊಟ್ಟು ಅವ್ವ ಹಣೆ ಹಚ್ಚಿದಳು. ಹಿಂದಿನವರು ನೂಕುತ್ತಿದ್ದರೂ ಏಳಲಿಲ್ಲ. ಬಗ್ಗಿ ಕೇಳಿದೆ.

"ನಾಕನೇ ದಿನಾ ಕೋಲ್ ಹಿಡ್ದೀನಿ ಯಪ್ಪಾ, ತಪ್ಪಾಯ್ತು. ಬರೂ ಶ್ರಾವಣಕ್ಕ ಮತ್ತ ಕೇಳ್ತೀನಿ."