ಒಣ ಟಿಶ್ಯೂ ಹೀರಿಕೊಂಡ 15 ಮಿಲಿಗ್ರಾಂ

ನಾನು ಸಹಿ ಹಾಕಿದ ಒಂದು ರಿಪೋರ್ಟ್‌ನಿಂದ ಬೇರೊಬ್ಬರ ಇಡೀ ಬ್ಯಾಚ್ ಹಾಳಾಯಿತು. ವರ್ಷ ಕಳೆದರೂ ಲ್ಯಾಬಿನ ತೂಕದ ಬ್ಯಾಲೆನ್ಸ್ ಪಕ್ಕ ಟಿಶ್ಯೂ ಡಬ್ಬ ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸ್ಯಾಂಪಲ್ ಲಿಥಿಯಂ ಟೈಟನೇಟ್. 12 ಮಿಮೀ ಅಗಲ, 4 ಮಿಮೀ ದಪ್ಪದ ಬಿಳಿ ಬಿಲ್ಲೆಗಳು, ನೋಡಲು ಜ್ವರದ ಮಾತ್ರೆ ತರಹ. ಫ್ಯೂಷನ್ ರಿಯಾಕ್ಟರ್ ಸಂಶೋಧನೆಗೆ ಬೇಕಾದ ಸೆರಾಮಿಕ್ ಇದು, 1500 ಡಿಗ್ರಿ ದಾಟುವವರೆಗೂ ಕರಗುವುದಿಲ್ಲ. ಇದರಲ್ಲಿರುವ ಲಿಥಿಯಂ-6 ಅನ್ನುವ ಬಗೆಯ ಲಿಥಿಯಂಗೆ ನ್ಯೂಟ್ರಾನ್ ಬಡಿದರೆ ಟ್ರಿಟಿಯಂ, ಅಂದರೆ ಭಾರವಾದ ಒಂದು ಬಗೆಯ ಹೈಡ್ರೋಜನ್, ಹುಟ್ಟುತ್ತದೆ, ಅದೇ ರಿಯಾಕ್ಟರ್‌ಗೆ ಇಂಧನ. ಪ್ರಕೃತಿಯಲ್ಲಿ ಟ್ರಿಟಿಯಂ ಸಿಗುವುದು ತೀರಾ ಕಡಿಮೆ, ಸಿಕ್ಕಿದ್ದರಲ್ಲೂ ಅರ್ಧ ಸುಮಾರು 12.3 ವರ್ಷಕ್ಕೆ ಇಲ್ಲವಾಗುತ್ತದೆ, ಹಾಗಾಗಿ ಹುಟ್ಟಿದ್ದಷ್ಟೂ ಬಿಲ್ಲೆಯಿಂದ ಹೊರಗೆ ಬರಬೇಕು. ಬರಲು ದಾರಿ ತೆರೆದ ರಂಧ್ರಗಳೇ. ಅವು ಜಾಸ್ತಿಯಾದರೆ ಬಿಲ್ಲೆ ಪುಡಿಪುಡಿ, ಕಡಿಮೆಯಾದರೆ ಟ್ರಿಟಿಯಂ ಒಳಗೇ ಉಳಿಯುತ್ತದೆ. ಬಿಲ್ಲೆ ಮಾಡಿದ ಮೇಡಂ ಕನಿಷ್ಠ ಶೇ 10 ಓಪನ್ ಪೋರಾಸಿಟಿ, ಅಂದರೆ ಬಿಲ್ಲೆಯ ಗಾತ್ರದಲ್ಲಿ ತೆರೆದ ರಂಧ್ರಗಳ ಪಾಲು, ಬೇಕು ಅಂದಿದ್ದರು.

ಶುಕ್ರವಾರ ಸಂಜೆಯೊಳಗೆ ರಿಪೋರ್ಟ್ ಹೋಗಬೇಕಿತ್ತು. ಪೋರಾಸಿಟಿ ಅಳೆಯುವುದು ಆರ್ಕಿಮಿಡೀಸ್ ವಿಧಾನದಲ್ಲಿ: ಬಿಲ್ಲೆಯನ್ನು ಒಣಗಿದ್ದಾಗ, ದ್ರವದಲ್ಲಿ ಮುಳುಗಿಸಿ, ರಂಧ್ರ ತುಂಬ ದ್ರವ ಹೀರಿಸಿ, ಹೀಗೆ ಮೂರು ಸಲ ತೂಗುವುದು. ಇದಕ್ಕೆ ನೀರು ಬಳಸುವಂತಿಲ್ಲ, ಲಿಥಿಯಂ ನೀರಿಗೆ ಬಿಟ್ಟುಕೊಳ್ಳುತ್ತದೆ, ಅದಕ್ಕೆ ಝೈಲೀನ್ ಅನ್ನುವ ದ್ರಾವಕ. ರಂಧ್ರದೊಳಗಿನ ಗಾಳಿ ಹೊರತೆಗೆಯಲು ವ್ಯಾಕ್ಯೂಮ್ ಬೇಕು. ನಮ್ಮ ವ್ಯಾಕ್ಯೂಮ್ ಪಂಪ್ ಹಳೇದು, ಎರಡು ವರ್ಷದಿಂದ ಬದಲಿಸಿ ಅಂತ ಬರೆದುಕೊಡುತ್ತಲೇ ಇದ್ದೇನೆ. ಗುಳ್ಳೆ ಬರುವುದು ನಿಲ್ಲುವಷ್ಟರಲ್ಲಿ ಮಧ್ಯಾಹ್ನ ಮೂರಾಯಿತು. ಡ್ರೈ ತೂಕ ಆಗಿತ್ತು, ಝೈಲೀನ್‌ನಲ್ಲಿ ತೂಗುಹಾಕಿದ ತೂಕವೂ ಆಯಿತು. ಉಳಿದಿದ್ದು ಸ್ಯಾಚುರೇಟೆಡ್ ತೂಕ, ರಂಧ್ರ ತುಂಬ ಝೈಲೀನ್ ಇರುವಾಗಿನ ತೂಕ. ಬಿಲ್ಲೆ ಎತ್ತಿ, ಮೇಲ್ಮೈ ಒರೆಸಿ, ತಕ್ಷಣ ತೂಗಬೇಕು. ಝೈಲೀನ್ ಆವಿಯಾಗುತ್ತಿರುತ್ತದೆ. ಬ್ಯಾಲೆನ್ಸ್‌ನ ನಾಲ್ಕನೇ ದಶಮಾಂಶ ಕಣ್ಣೆದುರೇ ಇಳಿಯುತ್ತಾ ಹೋಗುತ್ತದೆ, ಯಾವ ಅಂಕಿ ಬರೆಯಬೇಕು ಅಂತಲೇ ಗೊತ್ತಾಗುವುದಿಲ್ಲ. ಮೇಲ್ಮೈಯಲ್ಲಿ ಒಂದು ಹನಿಯೂ ಉಳಿಯಬಾರದು ಅನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು. ಒಣ ಟಿಶ್ಯೂ ತೆಗೆದುಕೊಂಡೆ, ಚೆನ್ನಾಗಿ ಒತ್ತಿ ಒತ್ತಿ ಒರೆಸಿದೆ. ಆರೂ ಬಿಲ್ಲೆಗೆ ಹಾಗೇ ಮಾಡಿದೆ. ಅಂಕಿಗಳು ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದಿಕೊಂಡವು ಅಂದರೆ, ಕೆಲಸ ಅಚ್ಚುಕಟ್ಟಾಗಿದೆ ಅಂತ ನಂಬಿಬಿಟ್ಟೆ. ಸರಾಸರಿ ಶೇ 7.5. ಫೇಲ್.

ಎಚ್ಚರಿಕೆ ನನ್ನ ನೋಟ್‌ಬುಕ್‌ನಲ್ಲೇ ಇತ್ತು. ವರ್ನಿಯರ್‌ನಿಂದ ಅಳೆದು ಲೆಕ್ಕ ಹಾಕಿದ ಸಾಂದ್ರತೆ ಸಿಸಿಗೆ 2.92 ಗ್ರಾಂ, ಆರ್ಕಿಮಿಡೀಸ್‌ನಲ್ಲಿ 3.04. ಒಂದೇ ಬಿಲ್ಲೆ ಎರಡು ತರಹ ಇರಲು ಸಾಧ್ಯವಿಲ್ಲ ಅಲ್ವಾ? ಹತ್ತು ನಿಮಿಷ ಅದನ್ನೇ ನೋಡುತ್ತಾ ಕೂತಿದ್ದೆ. ಆಮೇಲೆ ಬಿಲ್ಲೆಯ ಅಂಚು ಸವೆದಿರಬೇಕು, ವರ್ನಿಯರ್ ಅಳತೆ ಒರಟು ಅಂತ ನನಗೆ ನಾನೇ ಹೇಳಿಕೊಂಡೆ. ಅಂಚು ಸವೆದಿದ್ದರೆ ವ್ಯತ್ಯಾಸ ಎಷ್ಟಿರಬಹುದು ಅಂತ ಲೆಕ್ಕ ಹಾಕಲಿಲ್ಲ. ಗಡಿಯಾರ ನೋಡಿ ಸಹಿ ಹಾಕಿದೆ.

ರಜೆ ಮುಗಿಸಿ ಬಂದ ಹಿರಿಯ ಟೆಕ್ನಿಷಿಯನ್ ಗುರುವಾರ ಕಸದ ಬುಟ್ಟಿಯಲ್ಲಿದ್ದ ಟಿಶ್ಯೂ ರಾಶಿ ನೋಡಿ, "ಯಾಕಪ್ಪಾ, ಒಣ ಟಿಶ್ಯೂನಲ್ಲಿ ಒರೆಸಿದ್ಯಾ?" ಅಂದರು. ಅಷ್ಟೇ ಸಾಕಾಯಿತು, ನನಗೆ ತಕ್ಷಣ ಹೊಳೆಯಿತು. ಒಣ ಟಿಶ್ಯೂ ಮೇಲ್ಮೈಯ ಹನಿಯನ್ನಷ್ಟೇ ತೆಗೆಯುವುದಿಲ್ಲ, ರಂಧ್ರದೊಳಗಿನದ್ದನ್ನೂ ಎಳೆದುಕೊಳ್ಳುತ್ತದೆ. ಸ್ಯಾಚುರೇಟೆಡ್ ತೂಕ ಕಡಿಮೆ ಬಂದರೆ ಲೆಕ್ಕದಲ್ಲಿ ಪೋರಾಸಿಟಿ ಕಡಿಮೆ, ಸಾಂದ್ರತೆ ಜಾಸ್ತಿ ಕಾಣುತ್ತದೆ. ಅವರು ಬಟ್ಟೆಯನ್ನು ಝೈಲೀನ್‌ನಲ್ಲೇ ಅದ್ದಿ, ಹಿಂಡಿ, ಅದರ ಮೇಲೆ ಬಿಲ್ಲೆಯನ್ನು ಸುಮ್ನೆ ಹಾಗೆ ಉರುಳಿಸಿ ತೋರಿಸಿದರು. ಒಂದೊಂದು ಬಿಲ್ಲೆಯ ತೂಕ ಸುಮಾರು 15 ಮಿಲಿಗ್ರಾಂ ಜಾಸ್ತಿ ಬಂತು. ಪೋರಾಸಿಟಿ ಶೇ 11. ಸಾಂದ್ರತೆ 2.92, ವರ್ನಿಯರ್ ಹೇಳಿದಷ್ಟೇ.

ಕೂಡಲೇ ಮೇಡಂಗೆ ಫೋನ್ ಮಾಡಿದೆ. ಅವರು ನನ್ನ 7.5 ನಂಬಿ, ರಂಧ್ರ ಜಾಸ್ತಿಯಾಗಲಿ ಅಂತ ಸೋಮವಾರವೇ ಸಿಂಟರಿಂಗ್ (ಪುಡಿಯನ್ನು ಕಾಯಿಸಿ ಗಟ್ಟಿ ಮಾಡುವ) ತಾಪಮಾನ ಇಳಿಸಿ ಉಳಿದ ಪುಡಿಯನ್ನೆಲ್ಲ ಫರ್ನೇಸ್‌ಗೆ ಹಾಕಿಬಿಟ್ಟಿದ್ದರು. ಆ ಬಿಲ್ಲೆಗಳು ಚಿಮಟದಲ್ಲಿ ಹಿಡಿದರೆ ಉದುರುತ್ತಿದ್ದವಂತೆ. ಬೈಯಲಿಲ್ಲ. "ಸರ್, ನನ್ನ ಪುಡಿಯಲ್ಲೇ ಏನೋ ತಪ್ಪಿದೆ ಅಂದುಕೊಂಡಿದ್ದೆ" ಅಂದರು. ಆ ಮಾತು ಬೈಗುಳಕ್ಕಿಂತ ಜಾಸ್ತಿ ನೋಯಿಸಿತು.

ತಿದ್ದಿದ ರಿಪೋರ್ಟ್‌ನಲ್ಲಿ ತಪ್ಪು ಒರೆಸುವಿಕೆಯಿಂದ ಆದದ್ದು ಅಂತ ನನ್ನ ಹೆಸರಿನಲ್ಲೇ ಬರೆದೆ. ನಮ್ಮ ರಿಪೋರ್ಟ್ ಫಾರ್ಮ್‌ನಲ್ಲಿ ವರ್ನಿಯರ್ ಸಾಂದ್ರತೆಗೆ ಒಂದು ಕಾಲಂ ಕೊಡಿ ಅಂತ ಅವತ್ತೇ ಮೇಲಿನವರನ್ನು ಕೇಳಿದೆ. ಎರಡೂ ಅಂಕಿ ಅಕ್ಕಪಕ್ಕ ಇದ್ದಿದ್ದರೆ ಸಹಿ ಮಾಡುವ ಇನ್ನೊಬ್ಬರಾದರೂ ತಡೆಯುತ್ತಿದ್ದರು. ಫಾರ್ಮ್ ಬದಲಿಸಲು ಕಮಿಟಿ ಕೂರಬೇಕಂತೆ, ಇನ್ನೂ ಕೂತಿಲ್ಲ. ಅಲ್ಲಿವರೆಗೆ ಅಂಚಿನ ಖಾಲಿ ಜಾಗದಲ್ಲಿ ಪೆನ್ನಿನಿಂದ ಬರೆದು ಕಳಿಸುತ್ತಿದ್ದೇನೆ.