ಮೂಳೆ ಸಿಕ್ಕಿದರೆ ಈಸ್ಟರ್ ಉಳಿಯುತ್ತದಾ?

ಯೇಸುಸ್ವಾಮಿ ಸತ್ತು ಮತ್ತೆ ಎದ್ದು ಬಂದದ್ದನ್ನು ನೆನೆಯುವ ಹಬ್ಬ ಈಸ್ಟರ್. ಪ್ರತಿ ವರ್ಷ ಅದಕ್ಕೆ ಮುಂಚಿನ ತಪಸ್ಸುಕಾಲ ಮುಗಿಯುತ್ತಾ ಬಂದಾಗ ನಾನು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 15ನೇ ಅಧ್ಯಾಯ ಓದುತ್ತೇನೆ. ಅಲ್ಲಿ ಒಂದು ಮಾತು ಬರುತ್ತದೆ. ಕ್ರಿಸ್ತರು ಎದ್ದು ಬಂದಿಲ್ಲ ಅಂತಾದರೆ ನಾವು ಸಾರಿದ್ದು ವ್ಯರ್ಥ, ನೀವು ನಂಬಿದ್ದೂ ವ್ಯರ್ಥ. ಪೌಲರು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಹಾಗಿದ್ದರೆ ನಾವು ದೇವರ ಹೆಸರಿನಲ್ಲಿ ಸುಳ್ಳುಸಾಕ್ಷಿ ಹೇಳಿದವರು, ಲೋಕದಲ್ಲಿ ನಮ್ಮಷ್ಟು ಕನಿಕರ ಪಡಬೇಕಾದವರು ಬೇರೆ ಯಾರೂ ಇಲ್ಲ ಅಂತಲೂ ಸೇರಿಸುತ್ತಾರೆ.

ಇದನ್ನು ಬರೆದವರು ನಮ್ಮ ವಿರೋಧಿಯಲ್ಲ. ಇದಕ್ಕಾಗಿಯೇ ಏಟು ತಿಂದು, ಜೈಲು ಕಂಡು, ಕೊನೆಗೆ ಜೀವ ಕೊಟ್ಟವರು. ಯೇಸುಸ್ವಾಮಿ ಶಿಲುಬೆಯಲ್ಲಿ ಸತ್ತು ಸುಮಾರು 25 ವರ್ಷ ಆಗಿರಬೇಕು, ಪೌಲರು ಎಫೆಸದಲ್ಲಿ ಕೂತು ಈ ಪತ್ರ ಬರೆಯುವಾಗ. ಎದ್ದ ಕ್ರಿಸ್ತರನ್ನು ಒಂದೇ ಸಲಕ್ಕೆ 500ಕ್ಕೂ ಹೆಚ್ಚು ಜನ ನೋಡಿದರು, ಅವರಲ್ಲಿ ಬಹಳ ಮಂದಿ ಇನ್ನೂ ಬದುಕಿದ್ದಾರೆ ಅನ್ನುತ್ತಾರೆ. ಅಂದರೆ ಏನು? ಬೇಕಾದರೆ ಹೋಗಿ ಕೇಳಿಕೊಳ್ಳಿ ಅಂತ ತಾನೇ?

ನಾನು ಭಾನುವಾರ ಪೂಜೆ ಆದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತೇನೆ. ಒಂದು ಸಲ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ, "ಟೀಚರ್, ಯೇಸುಸ್ವಾಮಿಯ ಮೂಳೆ ಎಲ್ಲಾದ್ರೂ ಸಿಕ್ಕಿಬಿಟ್ರೆ ಆಮೇಲೆ ಏನ್ಮಾಡೋದು?" ಅಂತ ಕೇಳಿದ. ಪಕ್ಕದ ಹುಡುಗಿ "ಹಾಗೆಲ್ಲ ಕೇಳಬಾರದು ಕಣೋ" ಅಂದಳು. ಕೇಳಬಹುದು ಅಂತ ನಾನು ಹೇಳಿದೆ. ಪೌಲರು ಆಗಲೇ ಕೇಳಿಯಾಗಿದೆ, ಉತ್ತರವನ್ನೂ ಕೊಟ್ಟಾಗಿದೆ. ಅದು ನಿಜವಾಗಿ ಅವರದೇ ಮೂಳೆ ಅಂತ ಗೊತ್ತಾದರೆ ಈಸ್ಟರ್ ಹಬ್ಬ ಇರುವುದಿಲ್ಲ ಮಗೂ. ಕ್ಲಾಸು ಸುಮ್ಮನಾಯಿತು. ಆದರೆ ಆ ದಿನ ನಡೆದಷ್ಟು ಒಳ್ಳೆಯ ಮಾತುಕತೆ ಆ ಕ್ಲಾಸಿನಲ್ಲಿ ಮತ್ತೆ ನಡೆದಿಲ್ಲ.

ಇದು ಸುಮ್ನೆ ಊಹೆಯ ಪ್ರಶ್ನೆಯೂ ಅಲ್ಲ. 1980ರಲ್ಲಿ ಜೆರುಸಲೇಮಿನ ದಕ್ಷಿಣಕ್ಕಿರುವ ತಲ್ಪಿಯೋತ್ ಬಡಾವಣೆಯಲ್ಲಿ ಮನೆ ಕಟ್ಟಲು ನೆಲ ಅಗೆಯುವಾಗ ಬಂಡೆಯಲ್ಲಿ ಕೊರೆದ ಹಳೇ ಸಮಾಧಿಯೊಂದು ಸಿಕ್ಕಿತು. ಆ ಕಾಲದ ಯೆಹೂದ್ಯರು ಸತ್ತವರನ್ನು ಗುಹೆಯಲ್ಲಿ ಮಲಗಿಸಿ, ಸುಮಾರು ವರ್ಷವಾದ ಮೇಲೆ ಮೂಳೆಗಳನ್ನು ಆಯ್ದು ಕಲ್ಲಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಈ ಸಮಾಧಿಯಲ್ಲಿ ಅಂಥ 10 ಪೆಟ್ಟಿಗೆಗಳಿದ್ದವು. ಒಂದರ ಮೇಲೆ ಜೋಸೆಫನ ಮಗ ಯೇಸು ಅಂತ ಗೀಚಿತ್ತು. ಇನ್ನೊಂದರ ಮೇಲೆ ಮರಿಯ. 2007ರಲ್ಲಿ ಇದನ್ನೇ ಹಿಡಿದು ಒಂದು ಸಾಕ್ಷ್ಯಚಿತ್ರ ಬಂತು, ಯೇಸುಸ್ವಾಮಿಯ ಮನೆಯವರ ಸಮಾಧಿಯೇ ಸಿಕ್ಕಿದೆ ಅಂತ ಸುದ್ದಿಯಾಯಿತು.

ಆಗ ನಮ್ಮವರಲ್ಲಿ ಕೆಲವರಿಗೆ ಕೋಪ ಬಂತು. ಇದು ಧರ್ಮಸಭೆಯ ವಿರುದ್ಧ ಸಂಚು, ನೋಡಲೇಬಾರದು ಅಂದರು. ಇನ್ನು ಕೆಲವರು ಬಹಳ ಶಾಂತವಾಗಿ, ಮೂಳೆ ಸಿಕ್ಕರೂ ಏನೂ ಆಗುವುದಿಲ್ಲ, ಅವರು ಎದ್ದದ್ದು ನಮ್ಮ ಹೃದಯದಲ್ಲಿ ಅಂದರು. ನನಗೆ ಮೊದಲನೆಯವರಿಗಿಂತ ಎರಡನೆಯವರ ಮಾತೇ ಜಾಸ್ತಿ ಭಯ ಹುಟ್ಟಿಸಿತು. ಕೋಪಿಸಿಕೊಂಡವರಿಗೆ ಏನೋ ಕಳೆದುಹೋಗಬಹುದು ಅನ್ನುವ ಆತಂಕವಾದರೂ ಇತ್ತು. ಶಾಂತವಾಗಿದ್ದವರು ಕಳೆದುಕೊಳ್ಳುವುದಕ್ಕೇ ಏನೂ ಇಲ್ಲದ ಹಾಗೆ ಮಾಡಿಕೊಂಡಿದ್ದರು. ಏನೇ ಆದರೂ ಅಲುಗದ ನಂಬಿಕೆ ಅಂದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಯಾವ ಸುದ್ದಿ ಬಂದರೂ ಅಲುಗುವುದಿಲ್ಲ ಅಂದರೆ ಅದು ನಡೆದ ಘಟನೆಯ ಮೇಲಿನ ನಂಬಿಕೆ ಹೇಗಾಗುತ್ತದೆ? ಪೂಜೆಯಲ್ಲಿ ಎಲ್ಲರೂ ಸೇರಿ ಹೇಳುವ ವಿಶ್ವಾಸ ಪ್ರಮಾಣದಲ್ಲಿ ನಾವು ಪೊಂತ್ಯ ಪಿಲಾತನ ಹೆಸರು ಹೇಳುತ್ತೇವೆ, ಅಲ್ವಾ? ಅವನು ಯೇಸುಸ್ವಾಮಿಯನ್ನು ಶಿಲುಬೆಗೆ ಹಾಕಿಸಿದ ರೋಮನ್ ಅಧಿಕಾರಿ, ಸಂತನಲ್ಲ, ಒಳ್ಳೆಯವನೂ ಅಲ್ಲ. ಅವನ ಹೆಸರು ಕೊರೆದ ಕಲ್ಲು 1961ರಲ್ಲಿ ಸೆಜರಿಯದಲ್ಲಿ ಸಿಕ್ಕಿದೆ. ಇದೆಲ್ಲ ಒಂದು ಊರಿನಲ್ಲಿ, ಒಬ್ಬ ಅಧಿಕಾರಿಯ ಕಾಲದಲ್ಲಿ, ಈ ಭೂಮಿಯ ಮೇಲೆ ನಡೆದದ್ದು ಅಂತ ಹೇಳುವುದಕ್ಕೇ ಆ ಹೆಸರು ಅಲ್ಲಿ ಕೂತಿದೆ. ಭೂಮಿಯ ಮೇಲೆ ನಡೆದದ್ದು ಅಂದ ಮೇಲೆ ಭೂಮಿ ಅಗೆದವರ ಮಾತನ್ನೂ ಕೇಳಬೇಕು.

ತಲ್ಪಿಯೋತ್ ವಿಷಯದಲ್ಲಿ ಅಗೆದವರೇ ಉತ್ತರ ಕೊಟ್ಟರು. ಆ ಸಮಾಧಿಯ ಬಗ್ಗೆ ವರದಿ ಬರೆದಿದ್ದ ಇಸ್ರೇಲಿನ ಪುರಾತತ್ವಜ್ಞ ಆಮೋಸ್ ಕ್ಲೋನರ್ ಅವರೇ ಈ ವಾದವನ್ನು ಒಪ್ಪಲಿಲ್ಲ, ಅವರಿಗೆ ನಮ್ಮ ಧರ್ಮವನ್ನು ಕಾಪಾಡುವ ಗರಜೇನೂ ಇರಲಿಲ್ಲ. ಯೇಸು, ಜೋಸೆಫ್, ಮರಿಯ ಇವೆಲ್ಲ ಆ ಊರಿನಲ್ಲಿ ಬೀದಿಗೆ ನಾಲ್ಕು ಮನೆಯಲ್ಲಿ ಇದ್ದ ಹೆಸರುಗಳು. ಜೋಸೆಫನ ಮಗ ಯೇಸು ಅಂತ ಬರೆದ ಬೇರೊಂದು ಪೆಟ್ಟಿಗೆಯ ವಿಷಯವನ್ನು 1931ರಲ್ಲೇ ಸುಕೇನಿಕ್ ಎಂಬ ವಿದ್ವಾಂಸರು ಪ್ರಕಟಿಸಿದ್ದರು, ಆಗ ಯಾರೂ ಗಲಾಟೆ ಮಾಡಿರಲಿಲ್ಲ. ಹೆಚ್ಚಿನ ವಿದ್ವಾಂಸರು ಆ ವಾದ ನಿಲ್ಲುವುದಿಲ್ಲ ಅಂದರು. ನನಗೆ ಸಮಾಧಾನವಾಯಿತು, ನಿಜ ಹೇಳುತ್ತೇನೆ. ಸಮಾಧಾನ ಆಯಿತು ಅಂದರೆ ಅದಕ್ಕೂ ಮೊದಲು ಅಪಾಯ ಇತ್ತು ಅಂತಲೇ ಅರ್ಥ.

ಇನ್ನೊಂದು ಮೂಳೆಯ ಕಥೆ ನನ್ನನ್ನು ಬೇರೆ ರೀತಿಯಲ್ಲಿ ಕಾಡುತ್ತದೆ. 1968ರಲ್ಲಿ ಜೆರುಸಲೇಮಿನ ಉತ್ತರದಲ್ಲಿ ಇನ್ನೊಂದು ಸಮಾಧಿ ಸಿಕ್ಕಿತು. ಪೆಟ್ಟಿಗೆಯ ಮೇಲೆ ಯೆಹೋಹಾನಾನ್ ಅಂತ ಹೆಸರು. ಒಳಗಿದ್ದ ಹಿಮ್ಮಡಿ ಮೂಳೆಯಲ್ಲಿ ಕಬ್ಬಿಣದ ಮೊಳೆ ಹಾಗೇ ಉಳಿದಿತ್ತು. ಅವನನ್ನೂ ಶಿಲುಬೆಗೆ ಹೊಡೆದಿದ್ದರು. ಶಿಲುಬೆಯಲ್ಲಿ ಸತ್ತವರನ್ನು ರೋಮನ್ನರು ಹದ್ದುಗಳಿಗೆ ಬಿಡುತ್ತಿದ್ದರು, ಸಮಾಧಿ ಕಥೆಯೇ ಸುಳ್ಳು ಅನ್ನುವವರಿಗೆ ಈ ಮೂಳೆ ಒಂದು ಉತ್ತರ, ಯಾಕೆಂದರೆ ಅವನ ಮನೆಯವರು ಅವನನ್ನು ತಂದು ಮಣ್ಣು ಮಾಡಿದ್ದಾರೆ, ಆಮೇಲೆ ಮೂಳೆಯನ್ನೂ ಆಯ್ದಿದ್ದಾರೆ. ಆದರೆ ಅದೇ ಮೂಳೆ ಇನ್ನೊಂದನ್ನೂ ಹೇಳುತ್ತದೆ. ಅದೇ ಊರಿನಲ್ಲಿ, ಅದೇ ಶತಮಾನದಲ್ಲಿ, ಅದೇ ರೀತಿ ಸತ್ತ ಒಬ್ಬನ ಮೂಳೆ ಇಷ್ಟು ವರ್ಷ ಉಳಿದು ಕೈಗೆ ಸಿಕ್ಕಿದೆ. ಹಾಗಾದರೆ ಪೌಲರು ಒಡ್ಡಿದ ಸವಾಲು ಬರೀ ಮಾತಿನದಲ್ಲ. ಶುಭ ಶುಕ್ರವಾರ ಶಿಲುಬೆಗೆ ಮುತ್ತಿಡಲು ಸಾಲಿನಲ್ಲಿ ನಿಂತಾಗ ನನಗೆ ಯೆಹೋಹಾನಾನ್ ನೆನಪಾಗುತ್ತಾನೆ. ಅವನಿಗಾಗಿಯೂ ಒಂದು ಪ್ರಾರ್ಥನೆ ಹೇಳುತ್ತೇನೆ.

ಎಲ್ಲ ಸಾಕ್ಷ್ಯವೂ ಒಂದೇ ತೂಕದ್ದಲ್ಲ. ಯೇಸುಸ್ವಾಮಿಯ ದೇಹಕ್ಕೆ ಸುತ್ತಿದ್ದು ಅಂತ ಬಹಳ ಜನ ನಂಬುವ, ಇಟಲಿಯ ಟ್ಯೂರಿನ್ನಿನಲ್ಲಿರುವ ಶವವಸ್ತ್ರವನ್ನೇ ನೋಡಿ. ಧರ್ಮಸಭೆಯೇ ಒಪ್ಪಿಗೆ ಕೊಟ್ಟು ಬಟ್ಟೆಯ ತುಂಡನ್ನು ಮೂರು ಪ್ರಯೋಗಾಲಯಗಳಿಗೆ ಕಳಿಸಿತ್ತು. 1988ರ ಅಕ್ಟೋಬರಿನಲ್ಲಿ ಅದು 1260ರಿಂದ 1390ರ ನಡುವಿನದು ಅಂತ ಫಲಿತಾಂಶ ಬಂದಾಗ ಟ್ಯೂರಿನ್ನಿನ ಕಾರ್ಡಿನಲ್ ಬಲ್ಲೆಸ್ಟ್ರೆರೋ ಅವರೇ ಎಲ್ಲರ ಮುಂದೆ ಹೇಳಿದರು. ಆ ದಿನ ಯಾರ ಈಸ್ಟರೂ ಬಿದ್ದುಹೋಗಲಿಲ್ಲ. ಬಟ್ಟೆ ಯಾವತ್ತೂ ವಿಶ್ವಾಸ ಪ್ರಮಾಣದಲ್ಲಿ ಇರಲಿಲ್ಲ. ಹಾಗೇ 2016ರಲ್ಲಿ ಯೇಸುಸ್ವಾಮಿಯದು ಅಂತ ಜನ ಭಕ್ತಿಯಿಂದ ಬರುವ ಜೆರುಸಲೇಮಿನ ಪವಿತ್ರ ಸಮಾಧಿಯ ಅಮೃತಶಿಲೆಯ ಹಾಸನ್ನು ಎತ್ತಿ ನೋಡಿದಾಗ ಕೆಳಗಿನ ಗಾರೆ ಸುಮಾರು ಕ್ರಿ.ಶ. 345ರದು ಅಂತ ಗೊತ್ತಾಯಿತು. ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದಿಂದ ಜನ ಇದೇ ಜಾಗಕ್ಕೆ ಬಂದಿದ್ದಾರೆ ಅಂತ ಅದರಿಂದ ಗೊತ್ತಾಗುತ್ತದೆ. ಅಷ್ಟೇ. ಅದನ್ನು ಹಿಡಿದು ನೋಡಿ ಸಾಬೀತಾಯಿತು ಅಂತ ವಾಟ್ಸಾಪಿನಲ್ಲಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಎದುರು ಬರುವ ಸಾಕ್ಷ್ಯವನ್ನು ನಾವು ಎಷ್ಟು ಕಟ್ಟುನಿಟ್ಟಾಗಿ ಪರೀಕ್ಷೆ ಮಾಡುತ್ತೇವೋ ನಮ್ಮ ಪರವಾಗಿ ಬರುವುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ನೋಡಬೇಕು.

ಯೇಸುಸ್ವಾಮಿಯ ಕಥೆ ಹೇಳುವ ಬೈಬಲಿನ ನಾಲ್ಕು ಶುಭಸಂದೇಶಗಳೇ ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕ. ಶಿಷ್ಯರೇ ರಾತ್ರಿ ಬಂದು ದೇಹ ಕದ್ದರು ಅನ್ನುವ ಎದುರು ಕಥೆ ಎಲ್ಲಿದೆ ಗೊತ್ತಾ? ಮತ್ತಾಯನ ಶುಭಸಂದೇಶದಲ್ಲೇ ಇದೆ, 28ನೇ ಅಧ್ಯಾಯದಲ್ಲಿ, ಇಂದಿಗೂ ಜನ ಹಾಗೆ ಹೇಳುತ್ತಿದ್ದಾರೆ ಅನ್ನುವ ಮಾತಿನ ಸಮೇತ. ಅದೇ ಅಧ್ಯಾಯದ ಕೊನೆಗೆ ಎದ್ದ ಸ್ವಾಮಿಯನ್ನು ಕಣ್ಣಾರೆ ಕಂಡಾಗಲೂ ಕೆಲವರು ಸಂದೇಹಪಟ್ಟರು ಅಂತಿದೆ. ಹೆಂಗಸರು ಓಡಿ ಬಂದು ಹೇಳಿದ್ದನ್ನು ಪ್ರೇಷಿತರು ಹರಟೆ ಅಂದುಕೊಂಡರು ಅಂತ ಲೂಕ ಬರೆಯುತ್ತಾನೆ. ಮಾರ್ಕನ ಅತ್ಯಂತ ಹಳೆಯ ದೊಡ್ಡ ಹಸ್ತಪ್ರತಿಗಳಲ್ಲಿ ಕಥೆ 16ನೇ ಅಧ್ಯಾಯದ 8ನೇ ವಚನಕ್ಕೇ ನಿಂತುಹೋಗುತ್ತದೆ, ಹೆಂಗಸರು ಹೆದರಿ ಯಾರಿಗೂ ಏನೂ ಹೇಳದೆ ಓಡಿಹೋದರು ಅನ್ನುವಲ್ಲಿಗೆ. ಎಷ್ಟು ಜನ ಹೆಂಗಸರು, ಎಷ್ಟು ಜನ ದೇವದೂತರು ಅನ್ನುವುದರಲ್ಲೂ ನಾಲ್ವರ ಮಾತು ಹೊಂದುವುದಿಲ್ಲ. ಇದನ್ನೆಲ್ಲ ಒರೆಸಿ ಚಂದ ಮಾಡುವುದು ಕಷ್ಟದ ಕೆಲಸವಾಗಿರಲಿಲ್ಲ. ಅವರು ಮಾಡಲಿಲ್ಲ. ನನ್ನ ನಂಬಿಕೆಗೆ ಇದು ದೊಡ್ಡ ಆಸರೆ.

ಲೂಕನ ಶುಭಸಂದೇಶದಲ್ಲಿ ಎಮ್ಮಾವು ಅನ್ನುವ ಊರಿಗೆ ಹೋಗುವ ದಾರಿಯಲ್ಲಿ ಇಬ್ಬರು ಶಿಷ್ಯರು ಸಿಗುತ್ತಾರಲ್ಲ, ಅವರನ್ನು ಮರೆಯಬಾರದು. ಇಸ್ರಯೇಲನ್ನು ಬಿಡಿಸುವವರು ಇವರೇ ಅಂತ ನಾವು ಆಸೆ ಇಟ್ಟುಕೊಂಡಿದ್ದೆವು ಅನ್ನುತ್ತಾರೆ. ಇಟ್ಟುಕೊಂಡಿದ್ದೆವು, ಈಗ ಇಲ್ಲ. ಅವರು ಸಾಕ್ಷ್ಯವನ್ನು ನೋಡಿ ನಂಬಿಕೆ ಬಿಟ್ಟವರು, ಗುರುವನ್ನು ಹಿಡಿದು ಕೊಟ್ಟದ್ದು, ಶಿಲುಬೆಗೆ ಹಾಕಿದ್ದು, ಎಲ್ಲ ಮುಗಿದ ಮೇಲೆ ಊರು ಬಿಟ್ಟು ಹೊರಟವರು. ಎದ್ದು ಬಂದು, ಗುರುತು ಸಿಗದ ಹಾಗೆ ಜೊತೆಗೂಡಿದ ಸ್ವಾಮಿ ಅವರನ್ನು ಮಂದಬುದ್ಧಿಯವರು ಅಂತ ಗದರುತ್ತಾರೆ. ಆದರೂ ಅವರ ಜೊತೆಗೇ ನಡೆಯುತ್ತಾರೆ, ಅವರ ಜೊತೆಗೇ ಊಟಕ್ಕೆ ಕೂರುತ್ತಾರೆ. ನಂಬಿಕೆ ಬಿಟ್ಟು ಹೊರಟ ನಮ್ಮ ಮನೆಯ ಮಕ್ಕಳ ಬಗ್ಗೆ ಯೋಚಿಸುವಾಗ ನಾನು ಈ ಭಾಗವನ್ನು ತೆಗೆದು ಓದುತ್ತೇನೆ.

ಮೂಳೆಯ ಪ್ರಶ್ನೆಗಿಂತ ಕಷ್ಟದ ಸಾಕ್ಷ್ಯ ಬೇರೆ ಇದೆ. 2019ರ ಏಪ್ರಿಲ್ 21, ಈಸ್ಟರ್ ಭಾನುವಾರ ಬೆಳಿಗ್ಗೆ ಶ್ರೀಲಂಕಾದಲ್ಲಿ ಬಾಂಬು ಸಿಡಿದವು. ಕೊಲಂಬೊದ ಕೊಚ್ಚಿಕಡೆಯ ಸಂತ ಅಂತೋಣಿಯವರ ಚರ್ಚ್, ನೆಗೊಂಬೊದ ಸಂತ ಸೆಬಾಸ್ತಿಯಾನರ ಚರ್ಚ್, ಬಟ್ಟಿಕಲೋವದ ಇನ್ನೊಂದು ಚರ್ಚ್, ಜೊತೆಗೆ ದೊಡ್ಡ ಹೋಟೆಲುಗಳು. 250ಕ್ಕೂ ಹೆಚ್ಚು ಜನ ಸತ್ತರು. ಕರ್ನಾಟಕದಿಂದ ಹೋಗಿದ್ದ ಕೆಲವರೂ ಅದರಲ್ಲಿದ್ದರು. ಪೂಜೆಗೆ ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದ ಮಕ್ಕಳು. ನೆಗೊಂಬೊದ ಚರ್ಚಿನಲ್ಲಿ ಪುನರುತ್ಥಾನದ ಯೇಸುವಿನ ಪ್ರತಿಮೆಯ ಮೇಲೆಲ್ಲ ರಕ್ತ ಚಿಮ್ಮಿದ್ದ ಫೋಟೋ ಪತ್ರಿಕೆಗಳಲ್ಲಿ ಬಂತು.

ಮರಣ ಸೋತಿದೆ ಅಂತ ಹಾಡುತ್ತಿದ್ದ ಹೊತ್ತಿಗೇ ಮರಣ ಒಳಗೆ ಬಂದಿತ್ತು. ಈಸ್ಟರಿಗೆ ಇದಕ್ಕಿಂತ ನೇರವಾದ ಎದುರುಸಾಕ್ಷ್ಯ ಇನ್ನೇನು ಬೇಕು? ದೇವರ ಯೋಜನೆ, ಪರೀಕ್ಷೆ ಅಂತ ಆ ತಾಯಂದಿರ ಮುಂದೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಯಾರೂ ಹೇಳಬಾರದು. ನಾನು ಹಿಡಿದುಕೊಂಡಿರುವುದು ಒಂದೇ. ಈಸ್ಟರ್ ಆದ ಎಂಟನೇ ದಿನ ಶಿಷ್ಯ ತೋಮನಿಗೆ ಕಾಣಿಸಿಕೊಂಡ ಸ್ವಾಮಿಯ ಕೈಯಲ್ಲಿ ಗಾಯ ಇತ್ತು, ಪಕ್ಕೆಯಲ್ಲೂ ಇತ್ತು. ಎದ್ದ ದೇಹದಲ್ಲಿ ಅವು ಮಾಸಿರಲಿಲ್ಲ. ಕೆಟ್ಟದ್ದು ನಡೆಯುವುದಿಲ್ಲ ಅಂತ ಈ ಧರ್ಮ ಯಾವತ್ತೂ ಹೇಳಿಲ್ಲ, ಚಿತ್ರಹಿಂಸೆಯಲ್ಲಿ ಸತ್ತ ಒಬ್ಬರ ದೇಹದಿಂದಲೇ ಅದರ ಮಾತು ಶುರುವಾಗುತ್ತದೆ. ಆ ದೇಹವನ್ನು ದೇವರು ಕೈಬಿಡಲಿಲ್ಲ ಅನ್ನುವುದು ನಿಜವಾದರೆ ನೆಗೊಂಬೊದ ಮಕ್ಕಳಿಗೂ ಭರವಸೆಯಿದೆ. ನಿಜವಲ್ಲವಾದರೆ ಇಲ್ಲ. ಆ ಮಕ್ಕಳಿಗೆ ನಮ್ಮ ಹೃದಯದಲ್ಲಿ ಮಾತ್ರ ಎದ್ದ ಕ್ರಿಸ್ತರಿಂದ ಏನು ಪ್ರಯೋಜನ ಹೇಳಿ? ಅದಕ್ಕೇ ನಾನು ಪೌಲರ ಸವಾಲನ್ನು ಸಡಿಲ ಮಾಡಲು ಒಪ್ಪುವುದಿಲ್ಲ.

ಮೂಳೆ ಸಿಕ್ಕರೆ ಬೆಟ್ಟದ ಮೇಲಿನ ಬೋಧನೆ ಉಳಿಯುತ್ತದೆ, ಒಳ್ಳೆಯ ಸಮಾರಿಯದವನ ಕಥೆ ಉಳಿಯುತ್ತದೆ. ನಾನು ಅವನ್ನು ಪ್ರೀತಿಸುತ್ತಲೇ ಇರುತ್ತೇನೆ. ಆದರೆ ಸತ್ತುಹೋದ ಒಬ್ಬ ಒಳ್ಳೆಯ ಗುರುವಿನ ಮುಂದೆ ಮೊಣಕಾಲೂರಿ ನನ್ನ ಸ್ವಾಮಿ, ನನ್ನ ದೇವರೇ ಅನ್ನಲು ಆಗುವುದಿಲ್ಲ. ಹಾಗಂತ ದಿನಾ ಬೆಳಿಗ್ಗೆ ಎದ್ದು ಸಾಕ್ಷ್ಯ ತೂಗಿ ಆಮೇಲೆ ಪ್ರಾರ್ಥನೆ ಮಾಡುವವಳೂ ಅಲ್ಲ ನಾನು. ಗಂಡನನ್ನು ನಂಬುವ ಹೆಂಡತಿ ದಿನಾ ಅವನ ಜೇಬು ನೋಡುವುದಿಲ್ಲ, ಆದರೆ ಅವನು ಏನು ಮಾಡಿದರೂ ನಂಬುತ್ತೇನೆ ಅಂದರೆ ಅದೂ ಪ್ರೀತಿ ಅನ್ನಿಸಿಕೊಳ್ಳುವುದಿಲ್ಲ. ಇಷ್ಟು ವರ್ಷ ಜಪಸರ ಹಿಡಿದು, ಸಾವಿನ ಮನೆಗಳಲ್ಲಿ ಕೂತು, ಪರಮಪ್ರಸಾದ ತೆಗೆದುಕೊಂಡು ನಾನು ಯಾರ ಜೊತೆ ಮಾತಾಡಿದ್ದೇನೋ ಅವರು ಇದ್ದಾರೆ ಅಂತ ನನಗೆ ಗೊತ್ತು ಅನ್ನಿಸುತ್ತದೆ. ಆ ಅನ್ನಿಸಿಕೆಗೂ ಪೌಲರ ಮಾತು ಅನ್ವಯಿಸುತ್ತದೆ, ಅದನ್ನೂ ನಾನು ಪಕ್ಕಕ್ಕೆ ಬಚ್ಚಿಡುವುದಿಲ್ಲ.

ಈ ಸಲ ಈಸ್ಟರಿನ ಹಿಂದಿನ ಶನಿವಾರ ರಾತ್ರಿಯ ಪಾಸ್ಖ ಜಾಗರಣೆಗೆ ಹೋಗುವವರಿಗೆ ಒಂದು ಕೋರಿಕೆ. ಹೊಸ ಬೆಂಕಿಯ ಆಶೀರ್ವಾದ, ಮೊಂಬತ್ತಿಯ ಮೆರವಣಿಗೆ, ಉದ್ದುದ್ದ ವಾಚನಗಳು ಎಲ್ಲ ಆದ ಮೇಲೆ ಗುರುಗಳು ನಮ್ಮ ಜ್ಞಾನಸ್ನಾನದ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ. ಶಿಲುಬೆಯಲ್ಲಿ ಸತ್ತು, ಸಮಾಧಿಯಾಗಿ, ಎದ್ದು ಬಂದ ಕ್ರಿಸ್ತರನ್ನು ವಿಶ್ವಾಸಿಸುತ್ತೀರಾ ಅಂತ. ಅಷ್ಟು ಹೊತ್ತಿಗೆ ನಿದ್ದೆ ಎಳೆಯುತ್ತಿರುತ್ತದೆ, ಮಕ್ಕಳು ಮಗ್ಗುಲಲ್ಲಿ ಒರಗಿರುತ್ತಾರೆ, ಎಲ್ಲರೂ ಹೇಳುತ್ತಾರೆ ಅಂತ ನಾವೂ ವಿಶ್ವಾಸಿಸುತ್ತೇವೆ ಅಂದುಬಿಡುತ್ತೇವೆ. ಆ ಶನಿವಾರ ಮಧ್ಯಾಹ್ನ ಪುರುಸೊತ್ತು ಮಾಡಿಕೊಂಡು ಕೊರಿಂಥದವರಿಗೆ ಬರೆದ ಆ 15ನೇ ಅಧ್ಯಾಯವನ್ನು ಪೂರ್ತಿ ಓದಿ. ಮಾರ್ಕನ 16ನೇ ಅಧ್ಯಾಯವನ್ನು 8ನೇ ವಚನದವರೆಗೆ ಓದಿ ನಿಲ್ಲಿಸಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದು, ಅವರಿಗೆ ಇದರಲ್ಲಿ ನಂಬಿಕೆ ಹೋಗಿದ್ದರೆ, ಅವರನ್ನೂ ಕೂರಿಸಿಕೊಳ್ಳಿ, ಯಾಕೆ ಹೋಯಿತು ಅಂತ ಕೇಳಿ, ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಆಮೇಲೆ ರಾತ್ರಿ ಗುರುಗಳು ಕೇಳಿದಾಗ ನಿಮಗೆ ಎಷ್ಟು ಗಟ್ಟಿಯಾಗಿ ಹೇಳಲು ಆಗುತ್ತದೋ ಅಷ್ಟು ಗಟ್ಟಿಯಾಗಿ ಉತ್ತರ ಹೇಳಿ.