ಪಾದ ನೋಡುವ ಮದ್ದಳೆಗಾರ

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ವೃತ್ತಿಮೇಳಗಳು ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಟರೆ, ಮೇ 24ರ ಸುಮಾರಿಗೆ ಬರುವ ಪತ್ತನಾಜೆ ಎಂಬ ತುಳು ಪರ್ವದವರೆಗೆ, ಹೆಚ್ಚುಕಡಿಮೆ ಆರು ತಿಂಗಳು, ದಿನಕ್ಕೊಂದು ಊರಿನಲ್ಲಿ ಆಟ ಆಡುತ್ತವೆ. ಪೂರ್ವಾಭ್ಯಾಸವೆಂಬುದು ಇಲ್ಲವೆಂದೇ ಹೇಳಬೇಕು. ಪದ್ಯಗಳು ಪ್ರಸಂಗದಲ್ಲಿವೆ, ನಿಜ. ಆದರೆ ಅರ್ಥವನ್ನು, ಎಂದರೆ ಪದ್ಯಕ್ಕೆ ಹೊಂದುವ ಮಾತನ್ನು, ವೇಷಧಾರಿಯು ರಂಗಸ್ಥಳದಲ್ಲಿ ನಿಂತೇ ಕಟ್ಟಬೇಕು. ಹೀಗಿದ್ದೂ ಆಟ ಕೆಡದೆ ನಡೆಯುವುದನ್ನು ಬಾಲ್ಯದಿಂದ ನೋಡಿದ್ದೆನಾದರೂ, ಅದರ ಗುಟ್ಟು ತಿಳಿದದ್ದು ಹವ್ಯಾಸಿ ತಂಡವೊಂದರಲ್ಲಿ ಮದ್ದಳೆ ಹಿಡಿದು ಕುಳಿತ ಮೇಲೆಯೇ.

ಒಮ್ಮೆ ‘ಅಭಿಮನ್ಯು ಕಾಳಗ’ ನಡೆಯುತ್ತಿತ್ತು. ಅಭಿಮನ್ಯು ಪಾತ್ರದ ಹುಡುಗ ಚಪ್ಪಾಳೆಯ ಹುಮ್ಮಸ್ಸಿನಲ್ಲಿ ಧಿಗಿಣದ ಮೇಲೆ ಧಿಗಿಣ, ಹಾರಿ ತಿರುಗುವ ಸುತ್ತು, ಹೊಡೆಯುತ್ತಿದ್ದ. ಒಂದು ಸುತ್ತಿನಲ್ಲಿ ಅವನ ಎಡಗಾಲು ಸ್ವಲ್ಪ ಭಾರವಾಗಿ ನೆಲಕ್ಕೆ ಬಿತ್ತು. ಸಭೆಗೆ ಅದು ಕಾಣುವಂತಿರಲಿಲ್ಲ. ಚೆಂಡೆಯವರು ಮಾತ್ರ ತಕ್ಷಣ ಮುಕ್ತಾಯ ಕೊಟ್ಟರು, ಹಾಡಿ ಆಟವನ್ನು ನಡೆಸುವ ಭಾಗವತರು ಮುಂದಿನ ಪದ್ಯವನ್ನು ವಿಳಂಬದಲ್ಲಿ ಎತ್ತಿದರು, ದ್ರೋಣನ ವೇಷದ ಹಿರಿಯರು ನಾಲ್ಕು ಮಾತಿನ ಅರ್ಥವನ್ನು ಹತ್ತು ಮಾತಿಗೆ ಬೆಳೆಸಿದರು. ಹುಡುಗನಿಗೆ ಉಸಿರು ಬಂತು. ಯಾರೂ ಯಾರಿಗೂ ಸನ್ನೆ ಮಾಡಿರಲಿಲ್ಲ. ನಾನೊಬ್ಬ ಮಾತ್ರ ಹಳೆಯ ಓಟದಲ್ಲೇ ಎರಡು ಪೆಟ್ಟು ಹೆಚ್ಚು ಬಾರಿಸಿ ತಪ್ಪಿದೆ.

ಭಾಗವತರು ಆಗ ತಿರುಗಿಯೂ ನೋಡಲಿಲ್ಲ, ಜಾಗಟೆಯ ಪೆಟ್ಟನ್ನು ತುಸು ಬಲವಾಗಿ ಹಾಕಿ ನನ್ನನ್ನು ತಾಳಕ್ಕೆ ಎಳೆದುಕೊಂಡರು, ಅಷ್ಟೇ. ಬೆಳಗ್ಗೆ ಬಣ್ಣ ಹಚ್ಚುವ ಚೌಕಿಯಲ್ಲಿ ಚಹಾ ಕುಡಿಯುವಾಗ, “ನೀನು ನಿನ್ನ ಕೈ ನೋಡುತ್ತಿದ್ದೆ, ಅವನ ಪಾದ ನೋಡಬೇಕಿತ್ತು” ಎಂದರು. ನನ್ನ ಕಚೇರಿಯಲ್ಲಿ ಇಂತಹ ಮಾತು ಹತ್ತು ಜನರ ಸಭೆಯಲ್ಲಿ, ತಪ್ಪಾದ ಗಳಿಗೆಯಲ್ಲೇ ಬೀಳುತ್ತದೆ. ಮರುದಿನದಿಂದ ತಪ್ಪನ್ನು ಮುಚ್ಚುವ ಕೆಲಸವೇ ಮುಖ್ಯವಾಗುತ್ತದೆ.

ಮೇಳದಲ್ಲಿ ಎಲ್ಲರೂ ಸಮಾನರೆಂದು ಹೇಳಿದರೆ ಸುಳ್ಳಾದೀತು. ಚೌಕಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದಕ್ಕೂ ಕಟ್ಟಳೆಯಿದೆ. ಆದರೆ ಭಾಗವತನೇ ಮೊದಲನೆಯ ವೇಷ ಎಂಬ ಮಾತಿಗೆ ಅರ್ಥವಿದೆ: ಎಷ್ಟೇ ಹೆಸರುವಾಸಿ ಕಲಾವಿದನಾದರೂ ಅರ್ಥವನ್ನು ಮಿತಿಮೀರಿ ಎಳೆದರೆ ಭಾಗವತರು ಪದ್ಯ ಎತ್ತಿಬಿಡುತ್ತಾರೆ, ಅವನು ಕುಣಿಯಲೇಬೇಕು. ಆ ಅಧಿಕಾರವನ್ನು ಉತ್ತರದ ಶೈಲಿಯಾದ ಬಡಗುತಿಟ್ಟಿನವರೂ ಒಪ್ಪುತ್ತಾರೆ. ಅಲ್ಲಿ ಪ್ರಧಾನ ಪಾತ್ರಧಾರಿಗೇ ಎರಡನೆಯ ವೇಷವೆಂದು ಹೆಸರು. ಆದರೆ ಒಳ್ಳೆಯ ಭಾಗವತರು ಆ ಅಧಿಕಾರವನ್ನು ಬಳಸುವುದು ಅಪರೂಪ. ಏಕೆಂದರೆ ರಂಗದ ನಡೆ ಅವರಿಗೆ ಮಾತ್ರವಲ್ಲ, ಎದುರಿನ ವೇಷಕ್ಕೂ ಗೊತ್ತು. ದ್ರೋಣನ ವೇಷ ಹಾಕುವವರು ತಮ್ಮ ಕಾಲದಲ್ಲಿ ಅಭಿಮನ್ಯುವಾಗಿ ಕುಣಿದವರೇ ಆಗಿರುತ್ತಾರೆ, ಎಷ್ಟನೆಯ ಸುತ್ತಿಗೆ ಉಸಿರು ಕಟ್ಟುತ್ತದೆಂದು ಅವರ ಮೈಗೇ ತಿಳಿದಿರುತ್ತದೆ.

ಆ ಚಹಾದ ಬಳಿಕ ನಾನು ಮದ್ದಳೆಯನ್ನು ಸ್ವಲ್ಪ ಓರೆಯಾಗಿಟ್ಟು ಕೂರಲು ಆರಂಭಿಸಿದೆ, ಗೆಜ್ಜೆ ಕಟ್ಟಿದ ಕಾಲು ನೇರವಾಗಿ ಕಾಣುವಂತೆ.